ದೊಣ್ಣೆಮೆಣಸಿನಕಾಯಿಯ ದೃಶ್ಯ

ವಾರ್ನಾ, ಸೆಪ್ಟೆಂಬರ್ ೧೨

ಪ್ರೀತಿಯ ಸ್ತೊಯ್ನಾ ಅಜ್ಜಿಗೆ,

ನನ್ನಿಂದ ಒಂದು ತಪ್ಪಾಗಿದೆ. ನಿಮ್ಮ ಅಂಗಳದಲ್ಲಿ ನಾನು ಗಂಡ ಬಿಟ್ಟವಳ ಪಾತ್ರದಲ್ಲಿ ಅಳುತ್ತ ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಾಗ ನೀವು ನಡುವೆ ನುಗ್ಗಿ, "ಅಯ್ಯೋ ಪೆದ್ದಿ, ಅವ್ನು ಹೋದ್ರೆ ಹೋಗ್ಲಿ, ಇದನ್ಯಾಕೆ ಕರಕಲು ಮಾಡ್ತೀಯೇ? ಸರಿ ಆಚೆ!" ಎಂದು ಬೈದಿರಲ್ಲ, ಆಗ ಕ್ಯಾಮೆರಾ ಓಡುತ್ತಿತ್ತು. ನಿಮ್ಮನ್ನು ಕೇಳದೆ ಅದನ್ನು ಸಿನಿಮಾದಲ್ಲಿ ಉಳಿಸಿಕೊಂಡೆ.

ನಾಲ್ಕು ವರ್ಷ ನಾನೇ ಬರೆದು, ನಿರ್ದೇಶಿಸಿ, ನಟಿಸಿದ ಸಿನಿಮಾ. ನಿನ್ನೆ ಇಲ್ಲಿನ ಚಿತ್ರೋತ್ಸವದಲ್ಲಿ ಜನ ನನ್ನನ್ನು ನೋಡಿ ಅಳಲಿಲ್ಲ. ತೆರೆಯ ಮೇಲೆ ನೀವು ಬಂದಾಗ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಟನೆಯ ಬಹುಮಾನ ಘೋಷಿಸುವಾಗ ನಾನು ಅರ್ಧ ಎದ್ದೇಬಿಟ್ಟಿದ್ದೆ. ಕೂಗಿದ್ದು ನಿಮ್ಮ ಹೆಸರು!

ಶನಿವಾರ ಬಹುಮಾನ ಕೊಡುತ್ತಾರೆ. ಬಸ್ಸು ಹತ್ತಿ ಬನ್ನಿ, ವೇದಿಕೆಯ ಮೇಲೆ ನನ್ನನ್ನು ಬೈದರೂ ಸರಿ.

ಮುಂದಿನ ಸಿನಿಮಾಕ್ಕೆ ನಾಯಕಿಯಾಗುತ್ತೀರಾ? ಈ ಸಲ ಮೊದಲೇ ಕೇಳುತ್ತಿದ್ದೇನೆ.

ನಿಮ್ಮ ಮಹಡಿಯ ಬಾಡಿಗೆಯವಳು,
ರಾಲಿತ್ಸಾ