ತಡವಾಗಿ ಮುಳುಗಿದ ಗಳಿಗೆಬಟ್ಟಲು

ಇಂದೂರ
೧೨ ಫೆಬ್ರುವರಿ ೧೯೬೧

ಮಗಳು ನೀಲಕ್ಕನಿಗೆ, ಕೂಸಿಗೂ ನಿನಗೂ ಶಿವ ಒಳ್ಳೆಯದು ಮಾಡಲಿ.

ಬಾಣಂತಿಯಾದ ನಿನಗೆ ತಮ್ಮನ ಮದುವೆಗೆ ಬರಲಾಗಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು. ಉಳವಪ್ಪನ ಮೇಲೆ ಮದುವೆಯ ಅಕ್ಕಿಕಾಳು ಬಿದ್ದಿವೆ, ಹೆಂಡತಿ ಮಾತ್ರ ಮನೆಗೆ ಬಂದಿಲ್ಲ. ಹಳಿಯಾಳದ ಬೀಗರು ಹಂದರದಿಂದಲೇ ಕಾಶೆವ್ವನನ್ನು ತಿರುಗಿ ಕರೆದೊಯ್ದರು.

ಆದದ್ದು ಇಷ್ಟು. ಹೊತ್ತು ಹುಟ್ಟುತ್ತಲೇ, ಮದುವೆ ಮಾಡಿಸಲು ಬಂದ ಅಡಿವೆಯ್ಯನವರು ನಮ್ಮ ಮನೆಯ ತಾಮ್ರದ ಗಳಿಗೆಬಟ್ಟಲನ್ನು ಹಂಡೆಯ ನೀರಿನಲ್ಲಿ ತೇಲಿಬಿಟ್ಟರು. ತಳದ ತೂತಿನಿಂದ ನೀರೇರಿ ಬಟ್ಟಲು ಮುಳುಗಿದರೆ ಒಂದು ಗಳಿಗೆ. ಊರಿನ ಮದುವೆಗಳ ಮುಹೂರ್ತವನ್ನೆಲ್ಲ ಹೀಗೆಯೇ ಎಣಿಸಿದ್ದು ನಿನಗೆ ಗೊತ್ತು. ಕೊನೆಯ ಗಳಿಗೆಗೆ ಬಟ್ಟಲು ಇನ್ನೂ ತೇಲುತ್ತಿರುವಾಗ ಬೀಗರಾದ ಈಶಪ್ಪನವರು ಕೈಗಡಿಯಾರ ನೋಡಿ, ಮುಹೂರ್ತ ದಾಟುತ್ತಿದೆ ಎಂದರು.

"ಬಟ್ಟಲ ಮುಳಗೂತನಕಾ ಯಾರೂ ಅಕ್ಕಿಕಾಳ ಒಗಿಯೂಹಂಗಿಲ್ಲ" ಎಂದೆ.

"ಅಕ್ಕಾರ, ನಿಮ್ಮ ಬಟ್ಟಲಕ್ಕ ನಿದ್ದಿ ಹತ್ತೇತಿ. ಸ್ವಲ್ಪ ಎಬ್ಬಸ್ರಿ" ಎಂದರು. ಹಂದರದವರೆಲ್ಲ ನಕ್ಕರು. ಆದರೂ ಬಟ್ಟಲು ಮುಳುಗಿದ ಮೇಲೆಯೇ ಕಾಳು ಬಿದ್ದವು. ಮುಹೂರ್ತ ತಪ್ಪಿದ ಮದುವೆ ಮದುವೆಯೇ ಅಲ್ಲ ಎಂದು ಬೀಗರು ಮಗಳನ್ನು ಎಬ್ಬಿಸಿಕೊಂಡು ಹೋದರು.

ಈಗ ಅವರ ಹಟ ಏನೆಂದರೆ, ಬಟ್ಟಲು ಸುಳ್ಳೆಂದು ನಾನು ಹಿರಿಯರ ಮುಂದೆ ಹೇಳಬೇಕು, ಗಡಿಯಾರ ನೋಡಿ ಮತ್ತೆ ಅಕ್ಕಿಕಾಳು ಹಾಕಿಸಬೇಕು. ಆಗ ಮಗಳನ್ನು ಕಳಿಸುತ್ತಾರಂತೆ. ಹೇಗೆ ಹೇಳಲಿ? ಬಟ್ಟಲು ಸುಳ್ಳಾದರೆ ಊರಿನ ಮದುವೆಗಳೆಲ್ಲ ಸುಳ್ಳು. ನಿನ್ನದೂ. ಹೊಳೆವ್ವ ಆಗಲೇ ಬಂದು, ತನ್ನ ಮಗಳಿಗೆ ಮಕ್ಕಳಾಗದಿರುವುದು ಇದರಿಂದಲೇ ಏನು ಎಂದು ಅತ್ತಳು. ಗದರಿಸಿ ಕಳಿಸಿದೆ. ಆಮೇಲೆ ನನಗೆ ಊಟ ಸೇರಲಿಲ್ಲ.

ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನೀನು. ನೀನೇ ಹಿಂದೊಮ್ಮೆ ಬರೆದಿದ್ದೆ: ಈಜಿಪ್ತಿನವರೂ ಬ್ಯಾಬಿಲೋನಿನವರೂ ನೀರಿನಿಂದಲೇ ಹೊತ್ತು ಅಳೆದರು, ಈಜಿಪ್ತಿನಲ್ಲಿ ಬೇಸಿಗೆಯ ಹಗಲಿನ ತಾಸು ಚಳಿಗಾಲದ ತಾಸಿಗಿಂತ ಉದ್ದ, ಅರವತ್ತರ ಲೆಕ್ಕ ಬ್ಯಾಬಿಲೋನಿನವರದು ಎಂದು. ನಮ್ಮ ದಿನಕ್ಕೂ ಅರವತ್ತು ಗಳಿಗೆ, ಗಡಿಯಾರದ ತಾಸಿಗೂ ಅರವತ್ತು ನಿಮಿಷ. ಒಂದೇ ಲೆಕ್ಕದವು ನನ್ನ ಹಂದರದಲ್ಲಿ ಯಾಕೆ ಜಗಳಾಡಿದವು? ತಾಸೇ ಉದ್ದಗಿಡ್ಡ ಆಗುವುದಾದರೆ ಸರಿಯಾದ ಹೊತ್ತು ಇರುವುದೆಲ್ಲಿ? ಈಶಪ್ಪನವರ ಗಡಿಯಾರವೂ ನಮ್ಮೂರ ಮಾಸ್ತರ ಬಸಲಿಂಗಯ್ಯನವರ ಗಡಿಯಾರವೂ ಒಂದಕ್ಕೊಂದು ಕೂಡುವುದಿಲ್ಲ. ಹೈಸ್ಕೂಲು ಓದಿದವಳು ನಾನು. ತಿಳಿಯದು ಎಂದು ಯಾರ ಮುಂದೆಯೂ ಅಂದವಳಲ್ಲ. ನಿನಗೆ ಬರೆಯುತ್ತಿದ್ದೇನೆ, ನನಗೆ ತಿಳಿಯುತ್ತಿಲ್ಲ.

ಉಳವಪ್ಪ ಮಾತು ಬಿಟ್ಟಿದ್ದಾನೆ. "ಅವ್ವಾ, ನೀ ಬಟ್ಟಲದ ಕೂಡ ಸಂಸಾರ ಮಾಡು" ಎಂದು ಹೊಲಕ್ಕೆ ಹೋದವನು ಅಲ್ಲಿಯೇ ಮಲಗುತ್ತಾನೆ. ಯಾವುದು ಖರೆ ಎಂದು ಬೇಗ ಬರೆ.

ನಿನ್ನ ಅವ್ವ
ಗುರುಸಿದ್ದವ್ವ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಹಳಿಯಾಳಕ್ಕೆ ಹೋಗಿಬಂದೆ. "ಬಟ್ಟಲದ್ದು ತಪ್ಪಿಲ್ಲ, ನಂದ ತಪ್ಪು. ಮದವಿಗಂತ ಕಲಾಯಿ ಮಾಡಸಿದ್ನಿ. ತೂತ ಐತಿ ಅಂತ ಕಲಾಯಿ ಹಾಕೂ ತಾಜುದ್ದೀನಗ ಹೇಳಲಿಲ್ಲ, ಕಲಾಯಿದ ತವರ ಕೂತು ತೂತ ಸಣ್ಣಾಗೇತಿ" ಎಂದು ಹಿರಿಯರ ಮುಂದೆ ಹೇಳಿದೆ. ಈಶಪ್ಪನವರು ಒಪ್ಪಿದರು. ಮುಂದಿನ ಸೋಮವಾರ ಅವರ ಗಡಿಯಾರದಂತೆ ಮತ್ತೆ ಅಕ್ಕಿಕಾಳು, ಅಂದೇ ಕಾಶೆವ್ವ ಮನೆಗೆ ಬರುತ್ತಾಳೆ. ಊರಿನ ಹಳೆಯ ಮದುವೆಗಳೂ ಉಳಿದವು. ಕಲಾಯಿ ಮಾಡಿಸಿದ್ದು ನಿಜ. ಆದರೆ ಹೋಗುವ ಮೊದಲೇ ತೂತಿಗೆ ಸೂಜಿ ಹಾಕಿ ನೋಡಿದ್ದೆ. ಮೊದಲಿನಷ್ಟೇ ಸಲೀಸಾಗಿ ಹೋಗುತ್ತದೆ. ಹಾಗಾದರೆ ಬಟ್ಟಲು ತಡಮಾಡಿದ್ದೇಕೆ? ಉತ್ತರವನ್ನು ಕಾರ್ಡಿನಲ್ಲಿ ಬರೆಯಬೇಡ, ಲಕೋಟೆಯಲ್ಲಿ ಹಾಕು.