ಹನ್ನೊಂದನೆಯ ಧ್ವನಿ

ಎಸ್ತಾನ್ಸ್ಯಾ,
೧೪ ನವೆಂಬರ್ ೨೦೧೬

ಪ್ರೀತಿಯ ಮಗಳೇ, ನನ್ನ ಇಂದಾಯ್ ಲುವಾಲ್ಹಾತಿ,

ತಾಯಿಯ ಆಶೀರ್ವಾದಗಳು. ನಿನ್ನನ್ನು ‘ಮಾನ್ಯ ಕುಲಸಚಿವರೇ’ ಎಂದು ಸಂಬೋಧಿಸಬೇಕಿತ್ತೇನೋ. ನಿನ್ನ ಕಚೇರಿಯ ಪತ್ರವಂತೂ ನನ್ನನ್ನು ‘ಮಾನ್ಯರೇ’ ಎಂದೇ ಕರೆದಿದೆ. ಮೂವತ್ತಾರು ವರ್ಷ ಮಕ್ಕಳ ಬರವಣಿಗೆ ತಿದ್ದಿದವಳು, ಅದರಲ್ಲಿಯೂ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ನೋವಾದದ್ದು ಅದಕ್ಕೇ.

ನೀನು ಮನಶ್ಶಾಸ್ತ್ರದ ಸಂಶೋಧಕಿಯಾಗಿದ್ದಾಗ ಸಂಗ್ರಹಿಸಿದ, ಕಡಲಿನಲ್ಲಿ ಮಕ್ಕಳನ್ನು ಕಳೆದುಕೊಂಡ ಹತ್ತೊಂಬತ್ತು ತಾಯಂದಿರ ಧ್ವನಿಮುದ್ರಿಕೆಗಳನ್ನು ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವದಲ್ಲಿ ಸಾರ್ವಜನಿಕರಿಗೆ ಕೇಳಿಸಲಾಗುವುದಂತೆ. ಆಕ್ಷೇಪಣೆಯಿದ್ದರೆ ತಿಂಗಳೊಳಗೆ ತಿಳಿಸತಕ್ಕದ್ದಂತೆ. ಕೆಳಗೆ ನಿನ್ನ ಸಹಿ.

ಭಾನುವಾರ ಪೂಜೆ ಮುಗಿದೊಡನೆ, ಇಬ್ಬರು ಗಂಡುಮಕ್ಕಳನ್ನು ಕಡಲಿಗೆ ಕೊಟ್ಟ ಊರಿಗೆಲ್ಲ ಅಕ್ಕನಾದ ಮನಾಂಗ್ ಸಿಮ್ಯೋನಾ ಇಗರ್ಜಿಯ ಮೆಟ್ಟಿಲಲ್ಲೇ ನನ್ನನ್ನು ಅಡ್ಡಗಟ್ಟಿದಳು. "ಏನ್ ಟೀಚರಮ್ಮ, ಆಗ ನಿಮ್ ಮಗಳು ನಮ್ಮನೆ ಒಳಗ್ ಬರಕ್ಕೂ ಅಪ್ಪಣೆ ಕೇಳ್ತಿದ್ಲು. ಈಗ ನನ್ ಅಳು ನಂಗ್ ವಾಪಸ್ ಕೊಡಿ ಅಂತ ನಾನೇ ಅರ್ಜಿ ಹಾಕ್ಬೇಕಾ?" ಎಂದಳು.

ನಿನಗೆ ಕೆಲಸ ಹೆಚ್ಚೆಂದೆ.

"ಹೌದೌದು, ಮೀನು ಸೀಳೋದಕ್ಕಿಂತ ಸಹಿ ಹಾಕೋದು ಬಲು ಕಷ್ಟ!" ಎಂದಳು. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ನನ್ನ ಮಗಳ ಹೆಸರೆತ್ತಿ ಈ ಊರಿನಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

ನೆನಪಿದೆಯೇ? ಧ್ವನಿಮುದ್ರಣದ ಯಂತ್ರವನ್ನು ಹೊರತೆಗೆಯುವ ಮೊದಲು ಆರು ತಿಂಗಳು ನೀನು ಅವರ ನಡುವೆ ಕುಳಿತು ಮೀನು ಸೀಳಿದೆ, ಉಪ್ಪು ಹಚ್ಚಿದೆ. ತಡವಾಯಿತೆಂದು ನಿನ್ನ ಗುರುಗಳು ಗದರಿದರೂ ಏಳಲಿಲ್ಲ. ಈ ಧ್ವನಿಗಳು ನಿನ್ನ ಮತ್ತು ಸಹಾಯಕಿ ಬೆನಿಲ್ದಾಳ ಕಿವಿಗಳನ್ನು ದಾಟುವುದಿಲ್ಲವೆಂದು ಮಾತು ಕೊಟ್ಟೆ. ಆ ಮಾತನ್ನು ನಂಬಿ ಅವರು ಬಾಯಿ ಬಿಟ್ಟರು.

ನಾನೂ ಬಿಟ್ಟೆ. ಹನ್ನೊಂದನೆಯ ಧ್ವನಿ ನನ್ನದು. ಅದನ್ನು ಮುದ್ರಿಸಿದವಳು ಬೆನಿಲ್ದಾ. ತಮ್ಮ ರೊದೆಲ್ಯೋನ ಸಾವನ್ನು ಅಮ್ಮನ ಬಾಯಲ್ಲಿ ಕೇಳಲಾರೆನೆಂದು ನೀನು ಅವಳು ಬರೆದುಕೊಟ್ಟದ್ದನ್ನಷ್ಟೇ ಓದಿದೆ. ಮುಂದೊಂದು ದಿನ ಪುಸ್ತಕ ಬರೆಯುವಾಗ ಕೇಳುವೆನೆಂದಿದ್ದೆ. ಅಷ್ಟರಲ್ಲಿ ಆಡಳಿತದ ಹುದ್ದೆ ಬಂತು. ನೀನು ಹಿಂಜರಿದೆ, ಒಪ್ಪಿಕೊಳ್ಳೆಂದು ಹಟ ಹಿಡಿದವಳು ನಾನು. ಊರೆದುರು ತಲೆಯೆತ್ತಿ ನಡೆಯುವ ಆಸೆ ಅಮ್ಮನಿಗೆಂದು ನೀನು ನಕ್ಕಿದ್ದೆ. ಆ ಆಸೆಯೂ ಇತ್ತು.

ನಿನ್ನ ಅಧಿಕಾರದ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಆ ಅಧಿಕಾರದಿಂದಲೇ ಈ ಆದೇಶವನ್ನು ರದ್ದು ಮಾಡು. ಅಂಚೆಯಲ್ಲಿ ಪತ್ರ ಕಳುಹಿಸಬೇಡ. ನೀನೇ ಬಾ, ಸಿಮ್ಯೋನಾಳ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಿ ಒಳಗೆ ಹೋಗು.

ನಿನ್ನ ಅಮ್ಮ, ನಿನ್ನ ನಾನಾಯ್,
ತೆಯೊದೋರಾ
(ನಿವೃತ್ತ ಮುಖ್ಯೋಪಾಧ್ಯಾಯಿನಿ)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ಗಾಳಿಯೆದ್ದ ದಿನ ರೊದೆಲ್ಯೋನನ್ನು ತಡೆದೆನೆಂದು ನಾನು ಬೆನಿಲ್ದಾಳಿಗೆ ಹೇಳಿದ್ದು ಸುಳ್ಳು. ತಡೆದ ತಾಯಿಗೆ ದುಃಖ ಹಗುರವೆಂದು ನೀನು ಪ್ರಬಂಧದಲ್ಲಿ ಬರೆದೆ. ಆ ಪ್ರಬಂಧವನ್ನು ನೀನು ನನ್ನ ಮಾತಿನಿಂದಲೇ ಆರಂಭಿಸಿದೆ. ಅವನು ಪರೀಕ್ಷೆಯಲ್ಲಿ ಫೇಲಾಗಿ ಬಂದಿದ್ದ. "ಓದಕ್ಕಾಗ್ದಿದ್ರೆ ಹೋಗು, ದೋಣಿ ಹತ್ತು" ಎಂದವಳು ನಾನು. ಧ್ವನಿ ಕೇಳಿ ಮನಸ್ಸನ್ನು ಅರಿಯುವುದು ನಿನ್ನ ವಿದ್ಯೆ. ನನ್ನದನ್ನು ನೀನು ಕೇಳದಿರಲೆಂದೇ ನಿನ್ನನ್ನು ಆ ಕುರ್ಚಿಗೆ ದೂಡಿದೆ. ಉಳಿದ ಹದಿನೆಂಟು ಧ್ವನಿಗಳನ್ನು ಅವರವರ ಕೈಗೆ ಹಿಂದಿರುಗಿಸು ಇಂದಾಯ್. ಹನ್ನೊಂದನೆಯದನ್ನು ಮಾತ್ರ ಕೊಡಬೇಡ. ಒಬ್ಬಳೇ ಕುಳಿತು ಕೇಳು.