ಮೂರು ಗಂಟೆಯ ನೆರಳು

ಡಿಸೆಂಬರ್ ೧೨, ಗುರುವಾರ

ಆ ಸೀಮೆಸುಣ್ಣದ ಗೆರೆ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಬರುವ ಹೊಸ ಕಟ್ಟಡದ ಅಂಗಳದಲ್ಲಿ ಬಿಸಿಲು ಎಷ್ಟು ಹೊತ್ತು ಉಳಿಯುತ್ತದೆಂದು ತಿಳಿಯಲು ಗಂಟೆಗೊಮ್ಮೆ ಕಟ್ಟಡದ ನೆರಳಿನ ಅಂಚು ಗುರುತಿಸುವುದು ನನ್ನ ಕೆಲಸ. ಮೂರು ಗಂಟೆಗೆ ಬೆಟ್ಟದ ಗಾಳಿ ತಾಳದೆ ಬೆಂಕಿ ಕಾಯಿಸುತ್ತಾ ಕೂತೆ. ಆಮೇಲೆ, ಮೂರಕ್ಕೆ ನೆರಳು ಇಲ್ಲಿದ್ದಿರಬೇಕು ಎಂದು ಅಂದಾಜಿನಲ್ಲಿ ಗೆರೆ ಎಳೆದೆ.

ಅದನ್ನು ನೋಡಿ ಮೇಸ್ತ್ರಿ ಮಾವ, "ಮೂರಕ್ಕೂ ಬಿಸಿಲಿದೆಯಲ್ಲೋ! ಇನ್ನೊಂದು ಮಹಡಿ ಎಬ್ಬಿಸಬಹುದು" ಅಂದರು. ಕೆಳಗಿನ ಮಳಿಗೆಯನ್ನು ಹೊಲಿಗೆ ಅಂಗಡಿಗೆಂದು ಹಿಡಿದಿರುವ ನಮ್ಮಕ್ಕ, "ನಿನ್ನ ಗೆರೆ ನಂಬಿ ಅಂಗಳದ ಬಿಸಿಲಲ್ಲೇ ಮಿಷನ್ ಇಡ್ತೀನಿ ಕಣೋ" ಎಂದು ನಕ್ಕಳು. ಬಿಸಿಲು ತಪ್ಪಿದರೆ ಚಳಿಗಾಲವಿಡೀ ಅವಳ ಬೆರಳು ಮರಗಟ್ಟುತ್ತವೆ.

ಪರೀಕ್ಷೆಯಲ್ಲಿ ಕಾಪಿ ಹೊಡೆಯಲಾರೆ ಎಂದು ಹಟ ಹಿಡಿದು ಶಾಲೆ ಬಿಟ್ಟವನು ನಾನು!

ಸಂಜೆ ಒದ್ದೆ ಬಟ್ಟೆಯಲ್ಲಿ ಗೆರೆ ಒರೆಸಿ ಬಂದೆ. ಒರೆಸಿದರೆ ಸಾಲದು, ಬೆಳಿಗ್ಗೆ ಬಾಯಿ ಬಿಡಬೇಕು. ಹೀಗೆ ಹೇಳುತ್ತೇನೆ: "ಮಾವ, ನಿನ್ನೆ ಮೂರು ಗಂಟೆಗೆ ನಾನು ಅಂಗಳದಲ್ಲಿ ಇರಲಿಲ್ಲ, ಆ ಗೆರೆ ಬರೀ ಅಂದಾಜು."